ಸಿಬ್ಬಂದಿಯ ಹೆಸರಿನಲ್ಲೂ ಒಂದು ಚೀಟಿ ಇರಲಿ: ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ವೈದ್ಯ ಬಾಂಧವರಿಗೂ ಒಂದು ಬಹಿರಂಗ ಪತ್ರ

ಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಶಿವಮೊಗ್ಗ,
ಹಾಗೂ ಜಿಲ್ಲೆಯ ತಾಲ್ಲೂಕು ಆಸ್ಪತ್ರೆ, ಸಮುದಾಯ ಆರೋಗ್ಯ ಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಎಲ್ಲ ವೈದ್ಯ ಬಾಂಧವರಿಗೆ.

ಮಾನ್ಯರೇ,

ಸರ್ಕಾರಿ ಆಸ್ಪತ್ರೆಗೆ ಬರುವ ರೋಗಿ ಯಾರೇ ಆಗಲಿ, ಮೊದಲು ಚೀಟಿ ಮಾಡಿಸುತ್ತಾರೆ. ಹೆಸರು, ವಯಸ್ಸು, ತೂಕ, ರಕ್ತದೊತ್ತಡ, ಏನು ತೊಂದರೆ, ತಪಾಸಣೆಯಲ್ಲಿ ಕಂಡದ್ದೇನು, ಕೊಟ್ಟ ಔಷಧ ಯಾವುದು, ಮತ್ತೆ ಯಾವಾಗ ಬರಬೇಕು ಎಂಬುದೆಲ್ಲ ಆ ಚೀಟಿಯಲ್ಲಿ ಇರಬೇಕು, ಬಹುಮಟ್ಟಿಗೆ ಇರುತ್ತದೆ ಕೂಡ. ಆದರೆ ಅದೇ ಆಸ್ಪತ್ರೆಯ ಸ್ಟಾಫ್ ನರ್ಸ್‌ಗೋ, ಪ್ರಯೋಗಾಲಯ ತಂತ್ರಜ್ಞನಿಗೋ, ಕಸ ಹೊರುವ ಡಿ ದರ್ಜೆ ನೌಕರನಿಗೋ, ಕೊನೆಗೆ ವೈದ್ಯನಿಗೇ ಕಾಯಿಲೆಯಾದಾಗ ಈ ಚೀಟಿ ಹುಟ್ಟುವುದೇ ಇಲ್ಲ. ರೌಂಡ್ಸ್ ಮುಗಿಸಿ ಮೆಟ್ಟಿಲಿಳಿಯುತ್ತಿರುವ ವೈದ್ಯರನ್ನು ಅರ್ಧ ನಿಮಿಷ ನಿಲ್ಲಿಸಿ ಕೇಳುವುದು, ಅವರು ಹೇಳಿದ ಮಾತ್ರೆಯನ್ನು ಔಷಧ ವಿಭಾಗದ ಕಿಟಕಿಯಿಂದ ಕೈಗೆ ತೆಗೆದುಕೊಳ್ಳುವುದು, ನುಂಗಿ ಮತ್ತೆ ಡ್ಯೂಟಿಗೆ ನಿಲ್ಲುವುದು, ಇಷ್ಟಕ್ಕೇ ನಾವು ಚಿಕಿತ್ಸೆ ಎಂದು ಹೆಸರಿಟ್ಟುಕೊಂಡಿದ್ದೇವೆ. ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸೇವಾವಧಿಯೆಲ್ಲ ಕಳೆದು ಈಗ ನಿವೃತ್ತನಾಗಿರುವ ನಾನು, ಈ ಪದ್ಧತಿ ನಿಲ್ಲಬೇಕೆಂದು ಕೇಳಿಕೊಳ್ಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಇದನ್ನು ಸಲಿಗೆ, ಸೌಲಭ್ಯ, ಸಾಲಿನಲ್ಲಿ ನಿಲ್ಲುವ ಕಷ್ಟವಿಲ್ಲದ ಅನುಕೂಲ ಎಂದು ಸಿಬ್ಬಂದಿಯೇ ಭಾವಿಸುತ್ತಾರೆ. ಅನುಕೂಲ ಎಂಬುದು ನಿಜವೇ. ಆದರೆ ಅದರಲ್ಲಿ ತಪಾಸಣೆ ಇರುವುದಿಲ್ಲ. ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ನಲವತ್ತು ದಾಟಿದ ಸಿಸ್ಟರ್ ಒಬ್ಬರಿಗೆ ಹೆರಿಗೆ ವಾರ್ಡಿನ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆಭಾರ. ಒಬ್ಬ ವೈದ್ಯರು ರಾತ್ರಿ ಪಾಳಿಯ ಆಯಾಸ ಎಂದರು, ಇನ್ನೊಬ್ಬರು ಬಿ ಕಾಂಪ್ಲೆಕ್ಸ್ ಹೇಳಿದರು, ಮತ್ತೊಬ್ಬರು ಗ್ಯಾಸ್ಟ್ರಿಕ್ ಇರಬಹುದೆಂದು ಬೆಳಗಿನ ಖಾಲಿ ಹೊಟ್ಟೆಯ ಮಾತ್ರೆ ಹೇಳಿದರು, ಮಗದೊಬ್ಬರು ಉಬ್ಬಸವಿದ್ದೀತೆಂದು ಇನ್‌ಹೇಲರ್ ಕೊಟ್ಟರು. ಎಲ್ಲಿಯೂ ಏನೂ ದಾಖಲಾಗದ ಕಾರಣ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಕೊನೆಗೆ ಹೊಸದಾಗಿ ಬಂದ ಮಹಿಳಾ ವೈದ್ಯೆಯೊಬ್ಬರು ಚೀಟಿ ಮಾಡಿಸಿ, ಬಾಗಿಲು ಹಾಕಿ, ಎದುರಿಗೆ ಕೂರಿಸಿಕೊಂಡು ಕೇಳಿದಾಗ ತಿಂಗಳು ತಿಂಗಳೂ ಹತ್ತು ಹನ್ನೆರಡು ದಿನ ರಕ್ತಸ್ರಾವವಾಗುತ್ತಿರುವ ವಿಷಯ ಹೊರಬಂತು. ಹಿಮೋಗ್ಲೋಬಿನ್ ಆರು ಗ್ರಾಮಿನ ಆಸುಪಾಸಿನಲ್ಲಿತ್ತು. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ದಿನಕ್ಕೆ ಹತ್ತಾರು ಗರ್ಭಿಣಿಯರ ಕಣ್ಣಿನ ರೆಪ್ಪೆ ಕೆಳಗೆಳೆದು ರಕ್ತಹೀನತೆ ನೋಡುವ ಆ ಸಿಸ್ಟರ್‌ನ ಕಣ್ಣಿನ ರೆಪ್ಪೆಯನ್ನು ಅಲ್ಲಿಯವರೆಗೆ ಯಾರೂ ಎಳೆದು ನೋಡಿರಲಿಲ್ಲ. ಅವರು ಅದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳುವವರಿಗೆ ನನ್ನ ಮರುಪ್ರಶ್ನೆ ಇಷ್ಟೇ: ರೋಗಿಗಳು, ಅವರ ಕಡೆಯವರು, ಆ್ಯಂಬುಲೆನ್ಸ್ ಚಾಲಕ, ಎಲ್ಲರೂ ಓಡಾಡುವ ಪ್ಯಾಸೇಜಿನಲ್ಲಿ ನಿಂತು ಒಬ್ಬ ಹೆಂಗಸು ಅದನ್ನು ಹೇಗೆ ಹೇಳಬೇಕಿತ್ತು?

ನಮ್ಮಲ್ಲಿ ಒಂದು ಮಾತು ಬಹಳ ರೂಢಿಯಲ್ಲಿದೆ. 'ನಿಮಗೆ ಗೊತ್ತಿಲ್ಲದ್ದೇನಿದೆ ಸಿಸ್ಟರ್' ಎನ್ನುತ್ತೇವೆ. ಗೌರವದಿಂದಲೇ ಹೇಳುವ ಈ ಮಾತಿನಿಂದ ರೋಗಿಗೆ ಸಲ್ಲಬೇಕಾದ ವಿವರಣೆ ಅಲ್ಲಿಗೇ ನಿಂತುಹೋಗುತ್ತದೆ. ಹೆರಿಗೆ ಮಾಡಿಸುವುದರಲ್ಲಿ ಪಳಗಿದವರಿಗೆ ಇನ್ಸುಲಿನ್ ಪೆನ್ನಿನ ಲೆಕ್ಕ ಗೊತ್ತಿರಬೇಕೆಂದೇನೂ ಇಲ್ಲ. ಮೂಳೆ ತಜ್ಞರಿಗೆ ತಮ್ಮದೇ ಥೈರಾಯ್ಡ್ ಮಾತ್ರೆಯನ್ನು ಕಾಫಿಗೆ ಎಷ್ಟು ಹೊತ್ತು ಮುಂಚೆ ತೆಗೆದುಕೊಳ್ಳಬೇಕೆಂಬುದು ಮರೆತಿರಬಹುದು. ಗೊತ್ತಿದ್ದರೂ ಅದು ಬೇರೆಯವರ ವಿಷಯದಲ್ಲಿ ಗೊತ್ತಿರುವುದು. ತನ್ನ ಎದೆನೋವನ್ನು ಅಸಿಡಿಟಿ ಎಂದು ತಳ್ಳಿಹಾಕುವುದರಲ್ಲಿ ವೈದ್ಯರು ಅಡಿಕೆ ತೋಟದ ಆಳಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತಾರೆ. ಆದ್ದರಿಂದ ಚಿಕಿತ್ಸೆ ನೀಡುವವರು, ಎದುರಿಗಿರುವವರಿಗೆ ಏನೂ ತಿಳಿಯದೆಂದು ಭಾವಿಸುವ ಅಗತ್ಯವಿಲ್ಲದಿದ್ದರೂ, 'ಈ ಕಾಯಿಲೆಯ ಬಗ್ಗೆ ನಿಮಗೆ ತಿಳಿದಿರುವುದನ್ನು ಮೊದಲು ಹೇಳಿ, ಆಮೇಲೆ ನಾನು ಹೇಳುತ್ತೇನೆ' ಎಂದು ಕೇಳಿ ಆರಂಭಿಸಿದರೆ ಯಾರ ಮರ್ಯಾದೆಗೂ ಕುಂದಿಲ್ಲ, ಯಾವ ಮಾಹಿತಿಯೂ ತಪ್ಪಿಹೋಗುವುದಿಲ್ಲ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ವಿಷಯ ಇನ್ನಷ್ಟು ಗಂಭೀರವಾಗಲು ಕಾರಣ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಇಂದಿಗೂ ಚಳಿಗಾಲ ಕಾಲಿಟ್ಟಂತೆ ತಲೆಯೆತ್ತಿ, ಮಳೆ ಹಿಡಿಯುವವರೆಗೆ ನಮ್ಮನ್ನು ಕಾಡುತ್ತದೆ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಬಂದ ಕಡೆಗೆ ಹೋಗಿ ಸುತ್ತ ಪುಡಿ ಉದುರಿಸುವವರು, ಬಿಳಿ ಬಟ್ಟೆಯನ್ನು ತರಗೆಲೆಯ ಮೇಲೆ ಎಳೆದು ಈ ರೋಗ ಹರಡುವ ಉಣುಗು ಹಿಡಿಯುವವರು, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆಯನ್ನು ಮನೆಮನೆಗೆ ಹಂಚುವವರು, ಜ್ವರ ಬಂದವರ ಪಟ್ಟಿ ಮಾಡಿ ರಕ್ತದ ಮಾದರಿ ಕಳಿಸುವವರು ನಮ್ಮ ಆರೋಗ್ಯ ನಿರೀಕ್ಷಣಾಧಿಕಾರಿಗಳು, ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿಗಳು ಮತ್ತು ಆಶಾ ಕಾರ್ಯಕರ್ತೆಯರು. ಕಾಡಿನಂಚಿನ ಮನೆಗಳಿಗೆ ಹೋಗುವ ಕಾಲುದಾರಿಯಲ್ಲಿ ಉಣುಗು ಹತ್ತುವಾಗ ಇವರು ಸರ್ಕಾರದ ಕೆಲಸದ ಮೇಲೆ ಬಂದವರೆಂದು ವಿನಾಯಿತಿ ಕೊಡುವುದಿಲ್ಲ. ಊರಿನವರ ಜ್ವರದ ಪಟ್ಟಿ ಮಾಡುವ ಆಶಾ ಕಾರ್ಯಕರ್ತೆಗೆ ತನಗೇ ಜ್ವರ ಬಂದಾಗ ಆ ಪಟ್ಟಿಯಲ್ಲಿ ತನ್ನ ಹೆಸರು ಸೇರಿಸಿಕೊಳ್ಳಬೇಕೆಂದು ತೋಚುವುದಿಲ್ಲ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆಗ ಆಗುವುದೇನು? ಸೊಂಟ, ಮೀನಖಂಡ ಕಿತ್ತುಹೋಗುವಂಥ ನೋವು. ಗೊತ್ತಿರುವ ಸಿಸ್ಟರ್ ಬಳಿ ಒಂದು ನೋವಿನ ಇಂಜೆಕ್ಷನ್ ಹಾಕಿಸಿಕೊಂಡು, ಎರಡು ದಿನ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿ, ಮತ್ತೆ ಗುರಿ ಮುಟ್ಟಿಸಲು ಹೊರಡುತ್ತಾರೆ. ಮಂಗನ ಕಾಯಿಲೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ, ಒಸಡು, ಮೂಗು, ಕರುಳಿನಲ್ಲಿ ರಕ್ತ ಒಸರುವ ಸಂಭವವಿರುತ್ತದೆ. ಹೀಗಿರುವಾಗ ಆಸ್ಪಿರಿನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆ ಅಪಾಯವನ್ನು ಹೆಚ್ಚಿಸುತ್ತದೆ, ಪ್ಯಾರಾಸಿಟಮಾಲ್ ಅಷ್ಟೇ ಕೊಡಬೇಕು ಎಂದು ಊರಿಗೆಲ್ಲ ತಿಳಿಹೇಳುವವರು ಇವರೇ. ಈ ವೈರಸ್ಸಿಗೆ ನೇರ ಔಷಧವಿಲ್ಲದ ಕಾರಣ ವಿಶ್ರಾಂತಿ, ನೀರಿನಂಶ, ರಕ್ತಸ್ರಾವದ ಮೇಲೆ ನಿಗಾ, ಸಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸುವುದು, ಇವುಗಳಲ್ಲೇ ಪ್ರಾಣ ಉಳಿಯುವುದೂ ಹೋಗುವುದೂ ನಿಂತಿದೆ. ಮೊದಲ ಜ್ವರ ಬಿಟ್ಟು ಆರಾಮಾಯಿತು ಎಂದುಕೊಂಡ ಕೆಲವರಲ್ಲಿ ಒಂದೆರಡು ವಾರದ ನಂತರ ಜ್ವರ ಮರುಕಳಿಸಿ, ತಲೆನೋವು, ನಡುಕ, ಮಂಕುತನ ಕಾಣಿಸಿಕೊಳ್ಳುವುದೂ ಉಂಟು. ಚೀಟಿಯೇ ಇಲ್ಲದ ರೋಗಿಯನ್ನು ಆ ಎರಡನೆಯ ಹಂತದವರೆಗೆ ಯಾರು ಕಾದು ನೋಡುತ್ತಾರೆ? 2018ರ ಕೊನೆಯಿಂದ 2019ರವರೆಗೆ ಸಾಗರ ತಾಲ್ಲೂಕಿನ ಅರಳಗೋಡು ಭಾಗ ಅನುಭವಿಸಿದ ಸಂಕಟವನ್ನು ಕಂಡವರು ನೀವೆಲ್ಲ. ಹಿಂದೆ ಕೊಡುತ್ತಿದ್ದ ಲಸಿಕೆಯೂ ಈಗ ನಿಂತಿರುವುದರಿಂದ, ಸಿಬ್ಬಂದಿಯ ಜ್ವರವನ್ನು ಮೊದಲ ದಿನವೇ ದಾಖಲಿಸುವುದು ಮೊದಲಿಗಿಂತಲೂ ಅಗತ್ಯವಾಗಿದೆ.

ಇಲ್ಲೊಂದು ಮಾತು ಸೇರಿಸುತ್ತೇನೆ. ಸಿಬ್ಬಂದಿಯ ಕಾಯಿಲೆಯ ದಾಖಲೆ ಅವರ ಹಿತಕ್ಕಷ್ಟೇ ಅಲ್ಲ, ಊರಿನ ಹಿತಕ್ಕೂ ಬೇಕಾದದ್ದು. ಕೇರಳದ ಪೆರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ನಿಪಾ ಸೋಂಕಿತನ ಆರೈಕೆ ಮಾಡಿ, ತಾವೇ ಸೋಂಕಿಗೊಳಗಾಗಿ 2018ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರು ಆರೈಕೆ ಮಾಡುವಾಗ ಆ ರೋಗಕ್ಕೆ ಇನ್ನೂ ಹೆಸರೇ ಸಿಕ್ಕಿರಲಿಲ್ಲ. ಹೆಸರಿಲ್ಲದ ಜ್ವರ ಒಂದು ವಾರ್ಡಿಗೆ ಬಂದಿದೆಯೆಂಬ ಮೊದಲ ಸುಳಿವು ಎಷ್ಟೋ ಸಲ ಅಲ್ಲಿನ ಸಿಬ್ಬಂದಿಯ ಮೈ ಬಿಸಿಯಲ್ಲೇ ಇರುತ್ತದೆ. ಒಂದೇ ವಾರ್ಡಿನ ಇಬ್ಬರಿಗೆ ಒಂದೇ ವಾರ ಜ್ವರ ಬಂದದ್ದು ಒಂದೇ ಪುಸ್ತಕದಲ್ಲಿ ಬರೆದಿದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ.

ಕ್ಷಯದ ವಿಷಯ ಹೆಚ್ಚು ಬರೆಯಬೇಕಿಲ್ಲ. ಎರಡು ವಾರ ಕೆಮ್ಮಿದರೆ ಕಫ ಪರೀಕ್ಷೆ ಎಂಬ ಫಲಕ ನಮ್ಮ ಪ್ರತಿ ಗೋಡೆಯ ಮೇಲೂ ಇದೆ. ಆ ಫಲಕದ ಕೆಳಗೇ ಕೂತು ತಿಂಗಳುಗಟ್ಟಲೆ ಕೆಮ್ಮುವ ವಾರ್ಡ್ ಸಹಾಯಕರಿಗೆ ಕೆಮ್ಮಿನ ಸಿರಪ್ ಬಿಟ್ಟು ಇನ್ನೇನೂ ಸಿಗುವುದಿಲ್ಲ.

ಸೂಜಿ ಚುಚ್ಚಿಕೊಳ್ಳುವುದರ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಲೇಬೇಕು. ಬಿಳಿ ಡಬ್ಬಿಗೆ ಹೋಗಬೇಕಾದ ಸೂಜಿ ಯಾರದೋ ಅವಸರದಿಂದ ಹಳದಿ ಚೀಲಕ್ಕೆ ಬಿದ್ದಿರುತ್ತದೆ. ಆ ಚೀಲವನ್ನು ತೊಡೆಗೆ ತಾಗಿಸಿಕೊಂಡು ಎತ್ತುವ ಹೊರಗುತ್ತಿಗೆಯ ಹೆಂಗಸಿಗೆ ಅದು ಚುಚ್ಚುತ್ತದೆ. ಆಕೆ ಸೀರೆಯ ಮೇಲಿನಿಂದಲೇ ಒರೆಸಿಕೊಂಡು ಕೆಲಸ ಮುಂದುವರಿಸುತ್ತಾಳೆ, ಏಕೆಂದರೆ ಹೇಳಿದರೆ 'ನೋಡಿಕೊಂಡು ಎತ್ತಬಾರದಾ' ಎಂಬ ಬೈಗುಳ ಮೊದಲು, ಚಿಕಿತ್ಸೆ ಆಮೇಲೆ. ಎಚ್‌ಐವಿ ಸೋಂಕಿತ ರಕ್ತದ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಂಭವ ಸಾವಿರಕ್ಕೆ ಸುಮಾರು 3. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ನೂರಕ್ಕೆ 30ರವರೆಗೂ ಹೋಗಬಹುದು. ಎಚ್‌ಐವಿ ತಡೆಯುವ ಮಾತ್ರೆಯನ್ನು ಸಾಧ್ಯವಾದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಬೇಕು. ಶುಕ್ರವಾರ ರಾತ್ರಿ ಚುಚ್ಚಿದ ಸೂಜಿಯನ್ನು ಸೋಮವಾರ ಸಾಹೇಬರು ಬಂದ ಮೇಲೆ ಹೇಳೋಣ ಎಂದುಕೊಂಡರೆ ಆ ಗಡುವಿನ ಬಹುಪಾಲು ಅಲ್ಲಿಗೇ ಮುಗಿದಿರುತ್ತದೆ. ಈ ಮಾತ್ರೆ ಯಾವ ಕಪಾಟಿನಲ್ಲಿದೆ, ಅದರ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂದು ತಮ್ಮ ಆಸ್ಪತ್ರೆಯ ರಾತ್ರಿ ಪಾಳಿಯವರನ್ನು ಆಡಳಿತ ವೈದ್ಯಾಧಿಕಾರಿಗಳು ಒಮ್ಮೆ ಕೇಳಿ ನೋಡಬೇಕೆಂದು ನನ್ನ ವಿನಂತಿ.

ಇವು ಯಾರೋ ದಯೆಯಿಂದ ಮಾಡಬೇಕಾದ ಕೆಲಸಗಳಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ, ಆ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸುವುದು, ಕೆಲಸಕ್ಕೆ ಸೇರುವಾಗಲೂ ಆಮೇಲೆ ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಮಾಡಿಸಿ ದಾಖಲೆ ಇಡುವುದು ಆಸ್ಪತ್ರೆಯ ಹೊಣೆ. ಎಚ್‌ಐವಿ ಮತ್ತು ಏಡ್ಸ್ ಕುರಿತ 2017ರ ಕಾಯ್ದೆ, ಸೋಂಕಿನ ಅಪಾಯವಿರುವ ಕಡೆ ಕೆಲಸ ಮಾಡುವವರಿಗೆ ರಕ್ಷಣಾ ಸಾಧನವನ್ನೂ ತಡೆ ಔಷಧವನ್ನೂ ಒದಗಿಸಬೇಕೆನ್ನುತ್ತದೆ. ಅಷ್ಟೇಕೆ, 1923ರ ನೌಕರರ ಪರಿಹಾರ ಕಾಯ್ದೆಯ ಜಾಗಕ್ಕೆ ಈಗ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೆಯ ಅನುಸೂಚಿಯಲ್ಲಿ, ಆ ಹಳೆಯ ಕಾಯ್ದೆಯಲ್ಲಿದ್ದಂತೆಯೇ, ಆರೋಗ್ಯ ಮತ್ತು ಪ್ರಯೋಗಾಲಯದ ಕೆಲಸದಲ್ಲಿ ತಗಲುವ ಸಾಂಕ್ರಾಮಿಕ ರೋಗಗಳು ಔದ್ಯೋಗಿಕ ಕಾಯಿಲೆಗಳ ಪಟ್ಟಿಯ ಮೊದಲಲ್ಲೇ ಇವೆ. ಆದರೆ ಚುಚ್ಚಿದ ದಿನ, ಜ್ವರ ಬಂದ ದಿನ ಒಂದು ಸಾಲೂ ಬರೆದಿಡದಿದ್ದರೆ, ನಾಳೆ ಆ ಹೆಂಗಸು ಪರಿಹಾರ ಕೇಳಲು ಹೋದಾಗ ತೋರಿಸುವುದಕ್ಕೆ ಏನಿರುತ್ತದೆ? ಚೀಟಿಗಾಗಿ ನಾನು ಇಷ್ಟು ಹಟ ಹಿಡಿದಿರುವುದಕ್ಕೆ ಇದೂ ಒಂದು ಕಾರಣ.

ರಜೆಯ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ. ಕಾಯಂ ನೌಕರರಿಗೆ ವೈದ್ಯಕೀಯ ರಜೆಯಾದರೂ ಇದೆ. ಹೊರಗುತ್ತಿಗೆಯವರಿಗೆ ಬಾರದ ದಿನದ ಸಂಬಳ ಕಡಿತ; ಆಶಾ ಕಾರ್ಯಕರ್ತೆಯರನ್ನಂತೂ ಸರ್ಕಾರ ನೌಕರರೆಂದೇ ಕರೆಯುವುದಿಲ್ಲ, ಕೆಲಸ ಮಾಡಿದ್ದಕ್ಕೆ ತಕ್ಕಂತೆ ಪ್ರೋತ್ಸಾಹಧನ. ಒಂದು ವಾರ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಬರೆಯುವ ವೈದ್ಯರು, ಆ ಒಂದು ವಾರ ಎಲ್ಲಿಂದ ಬರಬೇಕೆಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿದ್ದು ಇಎಸ್‌ಐ (ನೌಕರರ ರಾಜ್ಯ ವಿಮೆ) ಕಂತು ಕಡಿತವಾಗುತ್ತಿರುವ ಹೊರಗುತ್ತಿಗೆ ನೌಕರರು, ನಿಗದಿತ ಅವಧಿ ಕಂತು ಕಟ್ಟಿದ್ದರೆ, ಕಾಯಿಲೆಯ ರಜೆಗೆ ವರ್ಷದಲ್ಲಿ 91 ದಿನದವರೆಗೆ ವೇತನದ ಶೇ. 70ರಷ್ಟನ್ನು ಪಡೆಯಬಹುದು. ನಾನು ಕೇಳಿದವರಲ್ಲಿ ಬಹಳ ಮಂದಿಗೆ ಇದು ತಿಳಿದಿರಲಿಲ್ಲ; ಕೆಲವರ ಕೈಗೆ ಕಾರ್ಡೇ ತಲುಪಿರಲಿಲ್ಲ. ಗುತ್ತಿಗೆದಾರರ ಬಿಲ್ಲಿಗೆ ಸಹಿ ಹಾಕುವ ಮುನ್ನ ಕಾರ್ಡಿನ ನಕಲು ತರಿಸಿಕೊಳ್ಳುವುದು ಇಲಾಖೆಗೆ ಕಷ್ಟದ ಕೆಲಸವಲ್ಲ.

ಇನ್ನು ಗುಟ್ಟಿನ ವಿಚಾರ. ನಮ್ಮ ತಾಲ್ಲೂಕು ಕೇಂದ್ರಗಳು ಎಷ್ಟು ಚಿಕ್ಕವೆಂದರೆ, ಬೆಳಿಗ್ಗೆ ಪ್ರಯೋಗಾಲಯಕ್ಕೆ ಕೊಟ್ಟ ರಕ್ತದ ಫಲಿತಾಂಶ ಸಂಜೆಯೊಳಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಗುತ್ತದೆ. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ ನರ್ಸ್ ತನ್ನದೇ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಚೀಟಿ ತೋರಿಸಲು ಹೆದರಿ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೋ, ಇಲ್ಲವೇ ದಾವಣಗೆರೆಗೋ ಹೋಗಿ ಬೇರೆ ಹೆಸರು ಬರೆಸಿ ತೋರಿಸಿಕೊಂಡು ಬರುತ್ತಾರೆ. ಹೆಸರೇ ಸುಳ್ಳಾದ ಕಡತದಿಂದ ಮುಂದಿನ ಚಿಕಿತ್ಸೆಗೆ ಏನು ಉಪಯೋಗ? ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017, ಗೋಪ್ಯತೆಯನ್ನು ರೋಗಿಯ ಹಕ್ಕೆಂದು ಹೇಳಿದೆ. ವೈದ್ಯರ ನೀತಿಸಂಹಿತೆಯೂ ಅದನ್ನೇ ಹೇಳುತ್ತದೆ. ಇವು ಸಹೋದ್ಯೋಗಿಗಳಿಗೆ ಅನ್ವಯಿಸುವುದಿಲ್ಲವೆಂದು ಎಲ್ಲಿಯೂ ಬರೆದಿಲ್ಲ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು ಎಂದು ರೋಗಿಗಳಿಗೆ ಹೇಳುವ ನಾವು, ಆ ಸಂಖ್ಯೆಯನ್ನು ಡ್ಯೂಟಿ ಕೊಠಡಿಯ ಒಳಗೋಡೆಗೂ ಅಂಟಿಸಬೇಕು.

ವೈದ್ಯ ಬಾಂಧವರಿಗೆ ಪ್ರತ್ಯೇಕವಾಗಿ ಒಂದೆರಡು ಮಾತು. ಕೆಳದರ್ಜೆಯ ನೌಕರರಿಗೆ ಸಿಗಬೇಕಾದ್ದು ಸಿಗದಿದ್ದರೆ, ವೈದ್ಯರು ರೋಗಿಗಳಾದಾಗ ಸಿಗಬಾರದ್ದೂ ಸಿಗುತ್ತದೆ. ಅಮೆರಿಕದ ಮನೋವೈದ್ಯ ವಾಲ್ಟರ್ ವೈನ್‌ಟ್ರಾಬ್ 1964ರಲ್ಲೇ ಇದಕ್ಕೆ 'ವಿಐಪಿ ಸಿಂಡ್ರೋಮ್' ಎಂದು ಹೆಸರಿಟ್ಟು, ಗಣ್ಯ ರೋಗಿಗಳಿಗೆ ಕೊಡುವ ವಿಶೇಷ ಉಪಚಾರ ಅವರ ಚಿಕಿತ್ಸೆಯನ್ನೇ ಕೆಡಿಸುತ್ತದೆಂದು ತೋರಿಸಿಕೊಟ್ಟರು. ಹಿರಿಯ ವೈದ್ಯರು ದಾಖಲಾದರೆ ಅವರ ಗುದದ್ವಾರ ಪರೀಕ್ಷೆ ಮಾಡಲು ಕಿರಿಯರಿಗೆ ಸಂಕೋಚ, ಕುಡಿತದ ಬಗ್ಗೆ ಕೇಳಲು ಭಯ. ಬದಲಿಗೆ ಬೇಕಿಲ್ಲದ ಸ್ಕ್ಯಾನ್‌ಗಳ ಸಾಲು, ಒಬ್ಬರ ಮೇಲೊಬ್ಬರು ಬಂದು ಬದಲಿಸುವ ಔಷಧ. ರೋಗಿಯೇ ತನ್ನ ಡೋಸ್ ನಿರ್ಧರಿಸುತ್ತಾರೆ, ನೋಡುವವರು ತಲೆಯಾಡಿಸುತ್ತಾರೆ. ಯಾರೇ ದಾಖಲಾಗಲಿ, ಅವರ ಚಿಕಿತ್ಸೆಗೆ ಹೊಣೆಗಾರರು ಒಬ್ಬರೇ ಇರಲಿ. ಉಳಿದವರು ಯೋಗಕ್ಷೇಮ ವಿಚಾರಿಸಿ ಹೊರಡಲಿ, ಕೇಸ್‌ಶೀಟ್ ಮುಟ್ಟದಿರಲಿ. ಹಾಗೆಯೇ ಶುಲ್ಕದ ಮಾತು: ವೈದ್ಯರಿಗೂ ಅವರ ಕುಟುಂಬದವರಿಗೂ ಉಚಿತವಾಗಿ ಸೇವೆ ಮಾಡುವುದನ್ನು ಹೆಮ್ಮೆಯೆಂದು ಭಾವಿಸಬೇಕೆಂದು 2002ರ ನೀತಿಸಂಹಿತೆ ಹೇಳುತ್ತದೆ. ಅದು ಸದುದ್ದೇಶದ ಮಾತೇ. ಆದರೆ ಹಣ ತೆಗೆದುಕೊಳ್ಳದ ಸ್ನೇಹಿತರ ಬಳಿಗೆ ಎರಡನೆಯ ಸಲ ಬರಿಗೈಲಿ ಹೋಗಲು ಮುಜುಗರವಾಗಿ, ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರೆಗೆ ಮರುತಪಾಸಣೆಯನ್ನೇ ಮುಂದೂಡಿದವರನ್ನು ನಾನು ಬಲ್ಲೆ. ನಗಬೇಡಿ, ನಿಮ್ಮಲ್ಲೂ ಕೆಲವರು ಇದ್ದೀರಿ. ಮೊದಲ ದಿನವೇ ಮುಂದಿನ ತಾರೀಕನ್ನು ನೋಡುವವರೇ ಬರೆದುಕೊಟ್ಟರೆ ಈ ಮುಜುಗರ ಉಳಿಯುವುದಿಲ್ಲ.

ಸಿಬ್ಬಂದಿಗೆ ಬೇರೆ ವ್ಯವಸ್ಥೆ ಮಾಡಿದರೆ ಹೊರಗೆ ಸಾಲಿನಲ್ಲಿ ನಿಂತ ಬಡವರಿಗೆ ಅನ್ಯಾಯವಾಗುತ್ತದೆಂಬ ಆಕ್ಷೇಪ ಬರಬಹುದು, ಅದರಲ್ಲಿ ಹುರುಳಿದೆ. ಸಾಲು ತಪ್ಪಿಸಿ ಒಳನುಗ್ಗುವುದನ್ನು ನಾನೂ ಒಪ್ಪುವುದಿಲ್ಲ. ಈಗ ನಡೆಯುತ್ತಿರುವುದೇ ಆ ಒಳನುಗ್ಗುವಿಕೆ. ಅದನ್ನು ನಿಲ್ಲಿಸಬೇಕಾದರೆ ಬೇರೆ ಹೊತ್ತು ಗೊತ್ತುಮಾಡಬೇಕು: ವಾರದಲ್ಲಿ ಒಂದು ಮಧ್ಯಾಹ್ನ, ಹೊರರೋಗಿಗಳ ಸಾಲು ಕರಗಿದ ಮೇಲೆ, ಒಂದು ಕೊಠಡಿಯ ಬಾಗಿಲು ಹಾಕಿಕೊಂಡು, ಆಶಾ ಕಾರ್ಯಕರ್ತೆಯರೂ ಹೊರಗುತ್ತಿಗೆಯವರೂ ಸೇರಿದಂತೆ ಎಲ್ಲ ಸಿಬ್ಬಂದಿಯನ್ನು ಚೀಟಿ ಮಾಡಿಸಿಯೇ ನೋಡುವುದು. ನೋಡುವ ವೈದ್ಯರು ಆದಷ್ಟೂ ಪಕ್ಕದ ತಾಲ್ಲೂಕಿನವರಾಗಿರಲಿ. ತನ್ನ ರಜೆಗೆ, ವರ್ಗಾವಣೆಗೆ, ವಾರ್ಷಿಕ ವರದಿಗೆ ಸಹಿ ಹಾಕುವ ಅಧಿಕಾರಿಯ ಮುಂದೆಯೇ ಯಾರೂ ತಮ್ಮ ಖಿನ್ನತೆಯನ್ನು ಬಿಚ್ಚಿಡುವುದಿಲ್ಲ. ತುರ್ತಿದ್ದವರು ಆ ಮಧ್ಯಾಹ್ನಕ್ಕೆ ಕಾಯಬೇಕಿಲ್ಲ, ಉಳಿದ ರೋಗಿಗಳಂತೆ ಕೂಡಲೇ ಬರಲಿ, ಅವರಿಗೂ ಚೀಟಿ ಆಗಲಿ. ಕಡತಗಳು ಕಚೇರಿಯ ಕಪಾಟಿನಲ್ಲಿರದೆ, ಬೀಗವಿರುವ ಪ್ರತ್ಯೇಕ ಕಪಾಟಿನಲ್ಲಿರಲಿ.

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ಮಂಗನ ಕಾಯಿಲೆಯ ಕಾಲ ಶುರುವಾಗುವ ಡಿಸೆಂಬರಿಗೆ ಮುನ್ನ ಈ ಬಗ್ಗೆ ಒಂದು ಸುತ್ತೋಲೆ ಹೊರಡಿಸಿ, ಕ್ಷೇತ್ರ ಸಿಬ್ಬಂದಿಯಲ್ಲಿ ಯಾರಿಗೆ ಜ್ವರ ಬಂದರೂ ಅದೇ ದಿನ ರಕ್ತದ ಮಾದರಿ ಹೋಗುವಂತೆಯೂ, ಜ್ವರ ಬಿಟ್ಟ ಮೇಲೂ ಮೂರು ವಾರ ಅವರ ಮೇಲೆ ನಿಗಾ ಇರುವಂತೆಯೂ, ಆ ಅವಧಿಯ ಪ್ರೋತ್ಸಾಹಧನ ಕಡಿತವಾಗದಂತೆಯೂ ನೋಡಿಕೊಳ್ಳಬೇಕು. ತಿಂಗಳ ಪ್ರಗತಿ ಪರಿಶೀಲನಾ ಸಭೆಯಲ್ಲಿ ಲಸಿಕೆ, ಹೆರಿಗೆ, ಕಫ ಪರೀಕ್ಷೆಗಳ ಅಂಕಿಅಂಶ ಕೇಳುವಾಗ, ಪ್ರತಿ ಆಸ್ಪತ್ರೆಯಲ್ಲೂ ಎಷ್ಟು ಸಿಬ್ಬಂದಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಆಗಿದೆ, ಎಷ್ಟು ಸೂಜಿ ಗಾಯ ದಾಖಲಾಗಿದೆ ಎಂಬುದನ್ನೂ, ಹೆಸರು ಕೇಳದೆ, ಕೇಳಬೇಕು. ಸೊನ್ನೆ ಎಂದು ಬರೆದುಕೊಟ್ಟ ಆಸ್ಪತ್ರೆಗೆ ಮೊದಲು ಭೇಟಿ ಕೊಡಿ. ವಾರದ ಆ ಮಧ್ಯಾಹ್ನಕ್ಕೆ ವೈದ್ಯರ ಕೊರತೆಯೆಂಬ ಉತ್ತರ ಬರುವುದಾದರೆ, ತೀರ್ಥಹಳ್ಳಿ ಅಥವಾ ಹೊಸನಗರದಲ್ಲಿ ಬಂದು ಕೂರಲು ನಾನು ಸಿದ್ಧನಿದ್ದೇನೆ. ನನ್ನಂತೆ ನಿವೃತ್ತರಾಗಿರುವ ಇನ್ನೂ ಕೆಲವರು ಕರೆದರೆ ಬರುತ್ತಾರೆ. ಬಸ್ ಚಾರ್ಜು ಸಹ ಕೇಳುವುದಿಲ್ಲ, ಒಂದು ಕೊಠಡಿ, ಬಾಗಿಲಿಗೆ ಚಿಲಕ, ಮತ್ತು ಒಂದು ಕಟ್ಟು ಚೀಟಿ ಕೊಟ್ಟರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಸರ್ಕಾರಿ ವೈದ್ಯ,
ತೀರ್ಥಹಳ್ಳಿ ತಾಲ್ಲೂಕು